ಉರಿಯೂತ ತಗ್ಗಿಸುವ ಔಷಧದ ಪ್ರಯೋಗಕ್ಕೆ ಸೇರಬೇಕೆ?

ಪ್ರಶ್ನೆ: ನನಗೆ 56 ವರ್ಷ. ಒಂದು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಸ್ಟ್ಯಾಟಿನ್ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ, ಕೊಲೆಸ್ಟೆರಾಲ್ ಹಿಡಿತದಲ್ಲಿದೆ. ಆದರೆ ಈಚಿನ ರಕ್ತಪರೀಕ್ಷೆಯಲ್ಲಿ ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಲೀಟರಿಗೆ 4.6 ಮಿಲಿಗ್ರಾಂ ಬಂದಿದೆ. ದೇಹದಲ್ಲಿ ಉರಿಯೂತ ಉಳಿದುಕೊಂಡಿದೆ ಎಂದ ವೈದ್ಯರು, ಅದನ್ನು ತಗ್ಗಿಸುವ ಹೊಸ ಚುಚ್ಚುಮದ್ದೊಂದರ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ. ಸೇರಿದವರಲ್ಲಿ ಅರ್ಧದಷ್ಟು ಜನರಿಗೆ ಔಷಧವೇ ಇಲ್ಲದ ಚುಚ್ಚುಮದ್ದು ಸಿಗುತ್ತದಂತೆ. ಪ್ರಯೋಗಪಶುವಾಗಬೇಡಿ ಎಂದು ಮನೆಯವರು ಹೇಳುತ್ತಾರೆ. ಎಲ್ಲ ಕಾಯಿಲೆಗಳಿಗೂ ಉರಿಯೂತವೇ ಮೂಲ, ಅರಿಶಿನದಲ್ಲಿರುವ ಕುರ್ಕ್ಯುಮಿನ್‌ನ ಕ್ಯಾಪ್ಸೂಲ್ ನುಂಗಿದರೆ ಸಾಕು ಎನ್ನುತ್ತಾರೆ ಸ್ನೇಹಿತರು. ಮೊಣಕಾಲು ನೋವಿಗೆ ನಾನು ಆಗಾಗ ಐಬುಪ್ರೊಫೆನ್ ತೆಗೆದುಕೊಳ್ಳುವುದುಂಟು. ಅದೂ ಉರಿಯೂತ ನಿವಾರಕವೇ ಆಗಿರುವುದರಿಂದ ದಿನವೂ ಅದನ್ನೇ ತೆಗೆದುಕೊಂಡರೆ ಸಾಲದೆ?

ಉತ್ತರ: ನಿಮ್ಮ ಪತ್ರದ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವುಗಳಿಗೆ ಯೋಚಿಸಲು ಸಮಯವಿದೆ, ಇದಕ್ಕಿಲ್ಲ. ಐಬುಪ್ರೊಫೆನ್ ಅನ್ನು ದಿನವೂ ತೆಗೆದುಕೊಳ್ಳಬೇಡಿ. ಆಗಾಗ ತೆಗೆದುಕೊಳ್ಳುತ್ತಿರುವ ವಿಷಯವನ್ನೂ ನಿಮ್ಮ ಹೃದ್ರೋಗ ವೈದ್ಯರಿಗೆ ಈ ವಾರವೇ ತಿಳಿಸಿ.

ಐಬುಪ್ರೊಫೆನ್, ಡೈಕ್ಲೊಫಿನಾಕ್ ಮೊದಲಾದ ಮಾತ್ರೆಗಳನ್ನು ಉರಿಯೂತ ನಿವಾರಕಗಳೆಂದು ಕರೆಯುವುದು ನಿಜ. ಅವು ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುವ ಕಿಣ್ವಗಳನ್ನು ತಡೆಯುತ್ತವೆ. ಆಸ್ಪಿರಿನ್ ಕೆಲಸ ಮಾಡುವುದು ಈ ದಾರಿಯಲ್ಲೇ ಎಂಬುದನ್ನು ಬ್ರಿಟನ್ನಿನ ಔಷಧವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. ಆದರೆ ಕೀಲಿನ ನೋವು, ಬಾವುಗಳಿಗೆ ಕಾರಣವಾಗುವ ಈ ದಾರಿಯೇ ಬೇರೆ, ಹೃದಯದ ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ನಡೆಯುವ ಉರಿಯೂತದ ಮುಖ್ಯ ದಾರಿಯೇ ಬೇರೆ. ಅಷ್ಟೇ ಅಲ್ಲದೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೊಸ್ಟಸೈಕ್ಲಿನ್ ಎಂಬ ವಸ್ತುವನ್ನು ರಕ್ತನಾಳದ ಒಳಪದರವು ಇದೇ ಕಿಣ್ವಗಳ ನೆರವಿನಿಂದ ತಯಾರಿಸುತ್ತದೆ, ಮತ್ತು ಈ ಮಾತ್ರೆಗಳು ಅದನ್ನೂ ಕಡಿಮೆ ಮಾಡುತ್ತವೆ. ಈ ಗುಂಪಿನ ರೋಫೆಕಾಕ್ಸಿಬ್ ಎಂಬ ಔಷಧವನ್ನು 2004ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಾಗುವುದು ಕಂಡುಬಂದದ್ದರಿಂದಲೇ. ಇನ್ನು ಐಬುಪ್ರೊಫೆನ್ ವಿಷಯದಲ್ಲಿ ನಿಮಗೆ ಅನ್ವಯಿಸುವ ಮತ್ತೊಂದು ತೊಡಕಿದೆ. ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಆಸ್ಪಿರಿನ್ ಹೋಗಿ ಕೂರಬೇಕಾದ ಜಾಗವನ್ನು ಅದು ಮೊದಲೇ ಆಕ್ರಮಿಸಿ, ನಿಮ್ಮ ಸ್ಟೆಂಟನ್ನು ಕಾಯುತ್ತಿರುವ ಆಸ್ಪಿರಿನ್ನಿನ ಪರಿಣಾಮವನ್ನೇ ಕುಂದಿಸಬಲ್ಲದು. ಎರಡೂ ಸೇರಿದರೆ ಜಠರದಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ, ರಕ್ತದೊತ್ತಡ ಏರಬಹುದು, ಮೂತ್ರಪಿಂಡಕ್ಕೂ ಹೊರೆಯಾಗುತ್ತದೆ. ಮೊಣಕಾಲಿಗೆ ಪ್ಯಾರಾಸಿಟಮಾಲ್, ಹೊರಗೆ ಹಚ್ಚುವ ಜೆಲ್, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಇವುಗಳಲ್ಲಿ ನಿಮಗೆ ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರೊಡನೆ ಮಾತನಾಡಿ ನಿರ್ಧರಿಸಿ.

ಈಗ ನಿಮ್ಮನ್ನು ಕಾಡುತ್ತಿರುವ 4.6 ಎಂಬ ಅಂಕಿಗೆ ಬರೋಣ. ಸಿಆರ್‌ಪಿ ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು 1930ರಲ್ಲಿ ಗುರುತಿಸಲಾಯಿತು. ದೇಹದ ಯಾವುದೋ ಮೂಲೆಯಲ್ಲಿ ಸೋಂಕೋ ಗಾಯವೋ ಆದಾಗ ಅಲ್ಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂಕೇತವನ್ನು ಹೊರಡಿಸುತ್ತವೆ, ಅದು ಯಕೃತ್ತನ್ನು ತಲುಪಿದಾಗ ಯಕೃತ್ತು ಸಿಆರ್‌ಪಿಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ತೀವ್ರ ಸೋಂಕಿನಲ್ಲಿ ಇದರ ಪ್ರಮಾಣ ಸಾಮಾನ್ಯಕ್ಕಿಂತ ನೂರಾರು ಪಟ್ಟು ಏರಬಲ್ಲದು. ಹೃದಯಾಘಾತದ ಸಾಧ್ಯತೆಯನ್ನು ಅಳೆಯುವಾಗ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆಯೆಂದೂ, 1ರಿಂದ 3ರವರೆಗೆ ಮಧ್ಯಮವೆಂದೂ, 3ನ್ನು ಮೀರಿದರೆ ಹೆಚ್ಚೆಂದೂ ಪರಿಗಣಿಸುವುದು ರೂಢಿ. 10ನ್ನು ಮೀರಿದರೆ ಅದನ್ನು ಹೃದಯದ ಲೆಕ್ಕಕ್ಕೆ ತೆಗೆದುಕೊಳ್ಳದೆ, ಮೊದಲು ಸೋಂಕು ಅಥವಾ ಬೇರೆ ಕಾಯಿಲೆಯಿದೆಯೇ ಎಂದು ಹುಡುಕಬೇಕು.

ಹಾಗೆಂದು ಒಂದೇ ಪರೀಕ್ಷೆಯ ಮೇಲೆ ಏನನ್ನೂ ನಿರ್ಧರಿಸಲಾಗದು. ನೆಗಡಿ, ಹಲ್ಲಿನ ವಸಡಿನ ಕಾಯಿಲೆ, ಹೊಟ್ಟೆಯ ಸುತ್ತ ಸೇರಿಕೊಂಡ ಕೊಬ್ಬು, ಧೂಮಪಾನ, ಈಚೆಗೆ ಹಾಕಿಸಿಕೊಂಡ ಲಸಿಕೆ, ಹಿಂದಿನ ದಿನ ಮಾಡಿದ ಕಠಿಣ ವ್ಯಾಯಾಮ, ಈಸ್ಟ್ರೊಜೆನ್ ಇರುವ ಮಾತ್ರೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಕೀಲುಗಳ ಕಾಯಿಲೆ ಇವೆಲ್ಲವೂ ಅದನ್ನು ಏರಿಸಬಲ್ಲವು. ಆದ್ದರಿಂದ ನೀವು ಪೂರ್ಣ ಆರೋಗ್ಯದಿಂದಿರುವಾಗ, ಮೊದಲ ಪರೀಕ್ಷೆಯಾಗಿ ಎರಡು ವಾರಗಳಾದರೂ ಕಳೆದ ಮೇಲೆ, ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ನಿಮ್ಮ ಮೊಣಕಾಲು ನೋವು ಬರಿಯ ಸವಕಳಿಯೇ ಅಥವಾ ಉರಿಯೂತದ ಸಂಧಿವಾತವೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿಸುವುದು ಒಳ್ಳೆಯದು. ಬೆಳಿಗ್ಗೆ ಎದ್ದಾಗ ಕೀಲುಗಳು ಬಹಳ ಹೊತ್ತು ಬಿಗಿದುಕೊಂಡಿದ್ದರೆ, ಬೆರಳುಗಳೂ ಊದಿಕೊಂಡರೆ, ಅದು ಮುಖ್ಯವಾದ ಸುಳಿವು.

ಸಿಆರ್‌ಪಿಯೇ ರೋಗವಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕಾಗಿದೆ. ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದರೆ ಪಾದರಸ ಇಳಿಯುತ್ತದೆ, ಜ್ವರ ಇಳಿಯುವುದಿಲ್ಲ. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಾಗಿರುವಂಥ ವಂಶವಾಹಿ ಪಡೆದವರನ್ನೂ ಉಳಿದವರನ್ನೂ ಹೋಲಿಸಿ ನೋಡಿದ ದೊಡ್ಡ ಅಧ್ಯಯನಗಳಲ್ಲಿ, ಮೊದಲನೆಯವರಿಗೆ ಹೃದ್ರೋಗ ಹೆಚ್ಚಾಗಿ ಬರುತ್ತಿರಲಿಲ್ಲ. ಅದೇ ರೀತಿಯ ಹೋಲಿಕೆಯನ್ನು ಇಂಟರ್‌ಲ್ಯೂಕಿನ್-6ರ ಸಂಕೇತವನ್ನು ಕುಂದಿಸುವ ವಂಶವಾಹಿಯ ಬಗ್ಗೆ ಮಾಡಿದಾಗ, ಅದನ್ನು ಪಡೆದವರಲ್ಲಿ ಹೃದ್ರೋಗ ಕಡಿಮೆಯಿತ್ತು. ಅಂದರೆ ರೋಗದಲ್ಲಿ ಪಾಲಿರುವುದು ಸಿಆರ್‌ಪಿಗಿಂತ ಹಿಂದೆ, ಅದನ್ನು ಹುಟ್ಟಿಸುವ ಸಂಕೇತಗಳ ಸಾಲಿನಲ್ಲಿ. ಹೊಸ ಔಷಧಗಳು ಹಿಡಿಯಲು ಹೊರಟಿರುವುದೂ ಆ ಸಾಲನ್ನೇ.

ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟೆರಾಲ್ ಸೇರಿಕೊಂಡಾಗ ಬಿಳಿ ರಕ್ತಕಣಗಳು ಒಳನುಗ್ಗಿ ಅದನ್ನು ನುಂಗುತ್ತವೆ. ಕೊಲೆಸ್ಟೆರಾಲ್ ಹರಳುಗಟ್ಟಿದಾಗ ಆ ಕಣಗಳೊಳಗಿನ ಪ್ರೋಟೀನ್‌ಗಳ ಕೂಟವೊಂದು ಎಚ್ಚೆತ್ತು ಇಂಟರ್‌ಲ್ಯೂಕಿನ್-1 ಬೀಟಾವನ್ನು ಬಿಡುಗಡೆ ಮಾಡುತ್ತದೆ, ಅದರಿಂದ ಇಂಟರ್‌ಲ್ಯೂಕಿನ್-6, ಅದರಿಂದ ಸಿಆರ್‌ಪಿ. ಈ ಪ್ರಕ್ರಿಯೆ ಕೊಬ್ಬಿನ ಗಡ್ಡೆಯ ಮೇಲಿನ ಹೊದಿಕೆಯನ್ನು ತೆಳುವಾಗಿಸುತ್ತದೆ. ಹೊದಿಕೆ ಒಡೆದ ದಿನ ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ಕೊಲೆಸ್ಟೆರಾಲ್ ಇಳಿದ ಮೇಲೂ ಈ ಉರಿ ಕೆಲವರಲ್ಲಿ ಉಳಿದುಕೊಳ್ಳುತ್ತದೆ. ನಿಮ್ಮ ವೈದ್ಯರು ಸೂಚಿಸುತ್ತಿರುವುದು ಇದನ್ನೇ.

ಇದನ್ನು ತಗ್ಗಿಸಿದರೆ ಹೃದಯಾಘಾತ ತಪ್ಪುತ್ತದೆಯೇ ಎಂಬ ಪ್ರಶ್ನೆಗೆ ಮೊದಲ ನೇರ ಉತ್ತರ ಸಿಕ್ಕಿದ್ದು 2017ರಲ್ಲಿ, ಬಾಸ್ಟನ್ನಿನ ಪಾಲ್ ರಿಡ್ಕರ್ ಅವರ ನೇತೃತ್ವದ ಕ್ಯಾಂಟೋಸ್ ಪ್ರಯೋಗದಿಂದ. ಹಿಂದೆ ಹೃದಯಾಘಾತವಾಗಿದ್ದು, ನಿಮ್ಮಂತೆಯೇ ಸಿಆರ್‌ಪಿ 2 ಅಥವಾ ಅದಕ್ಕಿಂತ ಹೆಚ್ಚಿದ್ದ 10,061 ಜನರು ಇದರಲ್ಲಿ ಪಾಲ್ಗೊಂಡರು. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕೆನಕಿನುಮ್ಯಾಬ್ ಎಂಬ ಚುಚ್ಚುಮದ್ದನ್ನು ಕೆಲವರಿಗೆ ಮೂರು ತಿಂಗಳಿಗೊಮ್ಮೆ ಕೊಡಲಾಯಿತು, ಇನ್ನು ಕೆಲವರಿಗೆ ಔಷಧವಿಲ್ಲದ ಚುಚ್ಚುಮದ್ದು. ಕೊಲೆಸ್ಟೆರಾಲ್ ಇಳಿಯಲಿಲ್ಲ, ಆದರೂ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾರೆ ಶೇ 15ರಷ್ಟು ಕಡಿಮೆಯಾದವು. ಉರಿಯೂತಕ್ಕೆ ರೋಗದಲ್ಲಿ ಪಾಲಿದೆ ಎಂಬುದು ಹೀಗೆ ಖಚಿತವಾಯಿತು.

ಶೇ 15 ಎಂಬುದನ್ನು ಬಿಡಿಸಿ ನೋಡಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಾವಿರ ಜನರನ್ನು ಒಂದು ವರ್ಷ ಗಮನಿಸಿದರೆ ಔಷಧವಿಲ್ಲದವರಲ್ಲಿ ಸುಮಾರು 45 ಮಂದಿಗೆ ಇಂಥ ಘಟನೆ ಆಗುತ್ತಿತ್ತು, ಔಷಧ ಪಡೆದವರಲ್ಲಿ ಸುಮಾರು 39 ಮಂದಿಗೆ. ಮತ್ತೊಂದು ಕಡೆ, ಪ್ರಾಣ ತೆಗೆಯುವಂಥ ಸೋಂಕು ಔಷಧವಿಲ್ಲದವರಲ್ಲಿ ಸಾವಿರಕ್ಕೆ ಸುಮಾರು 1.8 ಇದ್ದರೆ, ಔಷಧ ಪಡೆದವರನ್ನು ಒಟ್ಟಾಗಿ ಲೆಕ್ಕ ಹಾಕಿದಾಗ 3.1 ಇತ್ತು. ಒಟ್ಟು ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೃದಯದ ಬಳಕೆಗೆ ಈ ಔಷಧಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಗಲಿಲ್ಲ. ಹೊಸ ಔಷಧದ ಬಗ್ಗೆ ಶೇಕಡಾವಾರು ಲಾಭವನ್ನು ಮಾತ್ರ ಹೇಳಿ ಯಾರೇ ಮಾತು ಮುಗಿಸಿದರೂ, ಸಾವಿರ ಜನರಲ್ಲಿ ಎಷ್ಟು ಮಂದಿಗೆ ಲಾಭ ಮತ್ತು ಎಷ್ಟು ಮಂದಿಗೆ ಹಾನಿ ಎಂದು ನೀವು ಕೇಳಲೇಬೇಕು.

ಹಾಗಾದರೆ ಉರಿಯೂತವನ್ನು ಹೇಗೆ ತಗ್ಗಿಸಿದರೂ ಲಾಭವೇ ಎಂದರೆ, ಹಾಗೂ ಅಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ಚೆನ್ನಾಗಿ ಕೆಲಸ ಮಾಡುವ ಮೆಥೊಟ್ರೆಕ್ಸೇಟನ್ನು ಕಡಿಮೆ ಪ್ರಮಾಣದಲ್ಲಿ, ವಾರಕ್ಕೊಮ್ಮೆ, 4,786 ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. ಇಂಟರ್‌ಲ್ಯೂಕಿನ್‌ಗಳೂ ಇಳಿಯಲಿಲ್ಲ, ಸಿಆರ್‌ಪಿಯೂ ಇಳಿಯಲಿಲ್ಲ, ಹೃದಯಾಘಾತವೂ ಕಡಿಮೆಯಾಗಲಿಲ್ಲ, ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಕೀಲಿನ ಉರಿಯೂತಕ್ಕೆ ಒಗ್ಗಿದ ಔಷಧ ರಕ್ತನಾಳದ ಉರಿಯೂತಕ್ಕೆ ಒಗ್ಗಲಿಲ್ಲ. ಉರಿಯೂತ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಜಾಗದ, ಬೇರೆ ಬೇರೆ ಕಾರಣದ, ಬೇರೆ ಬೇರೆ ಸಂಕೇತಗಳ ಪ್ರಕ್ರಿಯೆಗಳಿವೆ. ‘ಎಲ್ಲ ಕಾಯಿಲೆಗಳ ಮೂಲ’ ಎಂಬ ಮಾತು ಚಿಕಿತ್ಸೆಗೆ ದಾರಿ ತೋರದಿರುವುದು ಈ ಕಾರಣಕ್ಕೇ.

ಉರಿಯೂತವನ್ನು ಶತ್ರುವೆಂದು ಭಾವಿಸುವುದೂ ತಪ್ಪು. ಗಾಯ ಮಾಯುವುದು, ಕ್ಷಯದ ಬ್ಯಾಕ್ಟೀರಿಯಾ ಶ್ವಾಸಕೋಶದಲ್ಲಿ ಸೆರೆಯಾಗಿ ಉಳಿಯುವುದು ಉರಿಯೂತದಿಂದಲೇ. ಸಂಧಿವಾತಕ್ಕೆ ಟಿಎನ್ಎಫ್ ಎಂಬ ಸಂಕೇತವನ್ನು ತಡೆಯುವ ಚುಚ್ಚುಮದ್ದು ಕೊಡುವ ಮೊದಲು ಅಡಗಿರುವ ಕ್ಷಯಕ್ಕಾಗಿ ಪರೀಕ್ಷೆ ಮಾಡುವುದು ಇದಕ್ಕಾಗಿಯೇ. ಇಂಗ್ಲೆಂಡಿನ ರಿಕವರಿ ಪ್ರಯೋಗ 2020ರಲ್ಲಿ ಕೋವಿಡ್ ರೋಗಿಗಳಿಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್ ಕೊಟ್ಟಾಗ ಕಂಡದ್ದನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ. ವೆಂಟಿಲೇಟರ್‌ನಲ್ಲಿದ್ದವರಲ್ಲಿ 28 ದಿನಗಳೊಳಗಿನ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು. ಆಮ್ಲಜನಕದ ಅಗತ್ಯವೇ ಇರದವರಲ್ಲಿ ಯಾವ ಲಾಭವೂ ಕಾಣಲಿಲ್ಲ, ಅಂಕಿಗಳು ಹಾನಿಯ ಕಡೆಗೇ ವಾಲಿದ್ದವು. ಅದೇ ರೋಗ, ಅದೇ ಔಷಧ, ಅದೇ ಪ್ರಮಾಣ. ಕೊಟ್ಟ ಹಂತ ಬೇರೆಯಾಗಿತ್ತು, ಅಷ್ಟೆ.

ಕುರ್ಕ್ಯುಮಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಯೋಗಾಲಯದ ಜೀವಕೋಶಗಳ ಮೇಲೆ ಅದು ಪರಿಣಾಮ ಬೀರುತ್ತದೆ, ಆದರೆ ನುಂಗಿದಾಗ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದು ಹೃದಯಾಘಾತವನ್ನು ತಡೆಯುತ್ತದೆ ಎಂದು ತೋರಿಸಿದ ದೊಡ್ಡ ಪ್ರಯೋಗ ಯಾವುದೂ ಇಲ್ಲ. ಹೀರಿಕೆ ಹೆಚ್ಚಲೆಂದು ಕರಿಮೆಣಸಿನ ಸತ್ವ ಸೇರಿಸಿದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ನಿಮ್ಮ ಸ್ನೇಹಿತರು ಸುಳ್ಳು ಹೇಳುತ್ತಿಲ್ಲ ಎಂಬುದನ್ನೂ ಸೇರಿಸಬೇಕು: ಸಿಆರ್‌ಪಿ ಹೆಚ್ಚಿದ್ದ ದಿನ ಕ್ಯಾಪ್ಸೂಲ್ ಶುರುಮಾಡಿದವರಲ್ಲಿ ಅನೇಕರಿಗೆ ಮುಂದಿನ ಪರೀಕ್ಷೆಯಲ್ಲಿ ಅದು ಕಡಿಮೆ ಬರುತ್ತದೆ. ಏರಿಳಿಯುವ ಯಾವುದೇ ಅಳತೆಯನ್ನು ಅದು ಏರಿದ್ದಾಗ ಹಿಡಿದರೆ ಮುಂದಿನ ಸಲ ತಾನಾಗಿಯೇ ಇಳಿದಿರುವ ಸಾಧ್ಯತೆ ಹೆಚ್ಚು. ಏನನ್ನೂ ನುಂಗದವರಲ್ಲೂ ಹೀಗೆಯೇ ಆಗುತ್ತದೆ.

ನಿಮಗೆ ಅನ್ಯಾಯವೆಂದು ತೋರುತ್ತಿರುವ ಆ ಔಷಧವಿಲ್ಲದ ಚುಚ್ಚುಮದ್ದು ಬೇಕಾಗುವುದು ಇದಕ್ಕಾಗಿಯೇ. ತಾನಾಗಿ ಇಳಿದದ್ದು ಎಷ್ಟು, ಔಷಧದಿಂದ ಇಳಿದದ್ದು ಎಷ್ಟು ಎಂಬುದನ್ನು ಬೇರ್ಪಡಿಸಲು ಹೋಲಿಕೆಯ ಗುಂಪು ಇರಲೇಬೇಕು, ಮತ್ತು ಯಾರಿಗೆ ಯಾವುದು ಎಂಬುದನ್ನು ರೋಗಿಯಾಗಲಿ ವೈದ್ಯರಾಗಲಿ ಆರಿಸದೆ ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು. ಆ ಗುಂಪಿಗೆ ಸೇರಿದರೆ ನಿಮಗೆ ಚಿಕಿತ್ಸೆಯೇ ಇಲ್ಲವೆಂದು ಅರ್ಥವಲ್ಲ. ಆಸ್ಪಿರಿನ್, ಸ್ಟ್ಯಾಟಿನ್ ಎಲ್ಲವೂ ಮುಂದುವರಿಯಬೇಕು. ಹೊಸ ಔಷಧ ಸಿಕ್ಕವರೇ ಅದೃಷ್ಟವಂತರು ಎಂಬ ಭಾವನೆಯನ್ನು ದಯವಿಟ್ಟು ಬಿಡಿ. ಯಾರ ಪಾಲಿಗೆ ಒಳ್ಳೆಯದಾಗುತ್ತದೆಂದು ಮೊದಲೇ ಗೊತ್ತಿದ್ದರೆ ಆ ಪ್ರಯೋಗವನ್ನು ನಡೆಸುವುದೇ ಅನೈತಿಕವಾಗುತ್ತಿತ್ತು.

ಮನೆಯವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಔಷಧವನ್ನು ಮೊತ್ತಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟಾಗ, ಅದನ್ನು ಪಡೆದ ಆರು ಆರೋಗ್ಯವಂತ ಯುವಕರಲ್ಲಿ ಕೆಲವೇ ಗಂಟೆಗಳಲ್ಲಿ ಉರಿಯೂತದ ಸಂಕೇತಗಳು ಉಕ್ಕಿ ಅಂಗಾಂಗಗಳು ವಿಫಲವಾದವು. ಆರೂ ಮಂದಿ ಬದುಕುಳಿದರು, ಆದರೆ ಅವರು ಪಟ್ಟ ಪಾಡು ದೊಡ್ಡದು. ಒಬ್ಬರಿಗೆ ಕೊಟ್ಟು ಪರಿಣಾಮ ನೋಡಿದ ಮೇಲೆಯೇ ಮುಂದಿನವರಿಗೆ ಕೊಡಬೇಕೆಂಬ ಶಿಸ್ತು ಆ ಘಟನೆಯ ನಂತರ ಬಿಗಿಯಾಯಿತು. ಆದ್ದರಿಂದ ನಿಮ್ಮನ್ನು ಕರೆದಿರುವುದು ಯಾವ ಹಂತದ ಪ್ರಯೋಗಕ್ಕೆ ಎಂಬುದು ನೀವು ಕೇಳಬೇಕಾದ ಮೊದಲ ಪ್ರಶ್ನೆ. ಮೊದಲ ಹಂತದಲ್ಲಿ ಕೆಲವೇ ಜನರಲ್ಲಿ ಸುರಕ್ಷತೆಯನ್ನು ನೋಡುತ್ತಾರೆ. ಎರಡನೆಯದರಲ್ಲಿ ಎಷ್ಟು ಪ್ರಮಾಣ ಕೊಡಬೇಕು, ಅಂಕಿಗಳು ಇಳಿಯುತ್ತವೆಯೇ ಎಂಬುದನ್ನು ನೋಡುತ್ತಾರೆ; 2021ರಲ್ಲಿ ಪ್ರಕಟವಾದ ಇಂಥ ಒಂದು ಪ್ರಯೋಗದಲ್ಲಿ ಇಂಟರ್‌ಲ್ಯೂಕಿನ್-6 ತಡೆಯುವ ಜಿಲ್ಟಿವೆಕಿಮ್ಯಾಬ್ ಅತಿ ಹೆಚ್ಚಿನ ಪ್ರಮಾಣದಲ್ಲಿ ಸಿಆರ್‌ಪಿಯನ್ನು ಶೇ 92ರಷ್ಟು ಇಳಿಸಿತು, ಆದರೆ 264 ಜನರ ಆ ಪ್ರಯೋಗ ಹೃದಯಾಘಾತ ತಪ್ಪುತ್ತದೆಯೇ ಎಂದು ಹೇಳಲಾರದು, ಹೇಳಲೆಂದು ರೂಪಿಸಿದ್ದೂ ಅಲ್ಲ. ರೋಗಿಗೆ ನಿಜವಾಗಿ ಒಳಿತಾಗುತ್ತದೆಯೇ ಎಂಬುದು ಸಾವಿರಾರು ಜನರು ಸೇರುವ ಮೂರನೆಯ ಹಂತದಲ್ಲಿ ತಿಳಿಯುತ್ತದೆ. ನಿಮ್ಮನ್ನು ಕರೆದದ್ದು ಮೂರನೆಯ ಹಂತಕ್ಕಾದರೆ, ನಿಮಗಿಂತ ಮೊದಲು ಎಷ್ಟು ಜನರು ಈ ಔಷಧವನ್ನು ಎಷ್ಟು ಕಾಲ ಪಡೆದಿದ್ದಾರೆ, ಅವರಲ್ಲಿ ಕಂಡ ಸೋಂಕುಗಳೆಷ್ಟು ಎಂಬುದಕ್ಕೆ ಉತ್ತರ ಸಿಗಲೇಬೇಕು.

ಪ್ರಯೋಗಕ್ಕೆ ಸೇರುವ ಮೊದಲು ನಿಮ್ಮ ಮುಂದಿರುವ ಇನ್ನೊಂದು ದಾರಿಯನ್ನೂ ವೈದ್ಯರೊಡನೆ ಚರ್ಚಿಸಿ. ಗೌಟ್ ಕಾಯಿಲೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಕಾಲ್ಚಿಸಿನ್ ಎಂಬ ಅಗ್ಗದ ಮಾತ್ರೆಯನ್ನು ದಿನಕ್ಕೆ 0.5 ಮಿಲಿಗ್ರಾಂನಂತೆ ಕೊಟ್ಟಾಗ, ಸ್ಥಿರವಾದ ಹೃದ್ರೋಗವಿದ್ದ 5,522 ಜನರ 2020ರ ಪ್ರಯೋಗದಲ್ಲಿ ಹೃದಯದ ಘಟನೆಗಳು ಶೇ 31ರಷ್ಟು ಕಡಿಮೆಯಾದವು. ಅದಕ್ಕೂ ಹಿಂದಿನ ವರ್ಷ, ಹೃದಯಾಘಾತವಾಗಿ ಒಂದು ತಿಂಗಳೊಳಗಿದ್ದ 4,745 ಜನರಲ್ಲಿ ಶೇ 23ರಷ್ಟು ಕಡಿಮೆಯಾಗಿದ್ದವು. ಅಮೆರಿಕದಲ್ಲಿ ಹೃದ್ರೋಗದ ಈ ಬಳಕೆಗೆ 2023ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಆದರೆ 2024ರಲ್ಲಿ 7,062 ಜನರ ಇನ್ನೊಂದು ಪ್ರಯೋಗದಲ್ಲಿ, ಹೃದಯಾಘಾತವಾದ ಕೂಡಲೇ ಆರಂಭಿಸಿದ ಕಾಲ್ಚಿಸಿನ್ ಯಾವ ಲಾಭವನ್ನೂ ತೋರಲಿಲ್ಲ, ಭೇದಿ ಮಾತ್ರ ಹೆಚ್ಚಾಯಿತು. ನನ್ನ ಅಭಿಪ್ರಾಯದಲ್ಲಿ ಇದು ಕಾಲ್ಚಿಸಿನ್ನನ್ನು ತಳ್ಳಿಹಾಕುವುದಿಲ್ಲ, ಆದರೆ ಆಘಾತ ಕಳೆದು ಸ್ಥಿರವಾಗಿರುವ ರೋಗಿಗಳಲ್ಲಿಯೂ ಅದನ್ನು ಎಲ್ಲರಿಗೂ ಬರೆದುಕೊಡುವ ಬದಲು ನೋಡಿ ಕೊಡಬೇಕು ಎಂದು ಎಚ್ಚರಿಸುತ್ತದೆ. ಮೂತ್ರಪಿಂಡ ಅಥವಾ ಯಕೃತ್ತು ದುರ್ಬಲವಾಗಿರುವವರಿಗೆ ಇದು ಸಲ್ಲದು. ಕ್ಲಾರಿತ್ರೊಮೈಸಿನ್‌ನಂಥ ಪ್ರತಿಜೀವಕ ಅಥವಾ ಕೆಲವು ಶಿಲೀಂಧ್ರನಾಶಕಗಳ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಇದರ ಪ್ರಮಾಣ ವಿಷದ ಮಟ್ಟಕ್ಕೆ ಏರಬಹುದು, ಸ್ಟ್ಯಾಟಿನ್ ಜೊತೆ ಅಪರೂಪಕ್ಕೆ ಸ್ನಾಯುಗಳಿಗೆ ಹಾನಿಯಾಗುತ್ತದೆ. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಇದರಲ್ಲಿ ಕಿರಿದು, ಆದ್ದರಿಂದ ನೀವಾಗಿಯೇ ಕೊಂಡು ತೆಗೆದುಕೊಳ್ಳಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಅನುಸರಿಸುವ ಕ್ರಮ ಹೀಗಿರುತ್ತಿತ್ತು. ಐಬುಪ್ರೊಫೆನ್ ಬಿಟ್ಟು, ವಸಡು ಮತ್ತು ಕೀಲುಗಳನ್ನು ಪರೀಕ್ಷಿಸಿಕೊಂಡು, ಸಿಆರ್‌ಪಿಯನ್ನು ಇನ್ನೊಮ್ಮೆ ನೋಡಿಸುತ್ತಿದ್ದೆ. ಧೂಮಪಾನವಿದ್ದರೆ ಬಿಡುವುದು, ಹೊಟ್ಟೆಯ ಕೊಬ್ಬು ಕರಗಿಸುವುದು ಇವು ಸಿಆರ್‌ಪಿಯನ್ನು ಇಳಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಸೋಂಕಿನ ಅಪಾಯ ತಂದೊಡ್ಡದೆಯೇ ಹೃದಯವನ್ನು ಕಾಯುತ್ತವೆ. ಎರಡನೆಯ ಸಲವೂ ಅಂಕಿ 2ನ್ನು ಮೀರಿದ್ದರೆ ಕಾಲ್ಚಿಸಿನ್ನೋ ಪ್ರಯೋಗವೋ ಎಂಬ ಪ್ರಶ್ನೆ ಏಳುತ್ತದೆ. ಪ್ರಯೋಗಕ್ಕೆ ಸೇರಿದರೆ ಅದರ ನಿಯಮದಂತೆ ಕಾಲ್ಚಿಸಿನ್ ನಿಷೇಧವಾಗಿರಬಹುದು, ಇದನ್ನು ಮೊದಲೇ ಕೇಳಿಕೊಳ್ಳಿ. ಹಿಂದೆ ಕ್ಷಯವಾಗಿದ್ದರೆ, ಪದೇ ಪದೇ ಸೋಂಕು ತಗಲುತ್ತಿದ್ದರೆ, ಕ್ಯಾನ್ಸರ್ ಚಿಕಿತ್ಸೆಯಾಗಿದ್ದರೆ, ಸಂಕೋಚವಿಲ್ಲದೆ ತಿಳಿಸಿ. ಸೇರುವ ಆಸೆಯಿಂದ ಇಂಥದ್ದನ್ನು ಮುಚ್ಚಿಟ್ಟವರನ್ನು ನಾನು ಕಂಡಿದ್ದೇನೆ, ಅದರ ಬೆಲೆ ತೆರುವವರು ಅವರೇ.

ಒಪ್ಪಿಗೆ ಪತ್ರವನ್ನು ಮನೆಗೆ ತಂದು ಮನೆಯವರೊಡನೆ ಕುಳಿತು ಓದಿ. ಅಲ್ಲೇ ಸಹಿ ಹಾಕಬೇಕೆಂದು ಯಾರಾದರೂ ಅವಸರಪಡಿಸಿದರೆ ನಿರಾಕರಿಸಿ. ನೈತಿಕ ಸಮಿತಿಯ ಒಪ್ಪಿಗೆ ದೊರೆತಿದೆಯೇ, ಬರುವ ಫಲಿತಾಂಶಗಳನ್ನು ನಡುನಡುವೆ ನೋಡಿ ಅಗತ್ಯಬಿದ್ದರೆ ಪ್ರಯೋಗವನ್ನೇ ನಿಲ್ಲಿಸಬಲ್ಲ ಸ್ವತಂತ್ರ ಸಮಿತಿ ಇದೆಯೇ, ಔಷಧದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರ ಹೊಣೆ, ಪ್ರಯೋಗ ಮುಗಿದ ಮೇಲೆ ಔಷಧ ಸಿಗುತ್ತದೆಯೇ ಎಂಬುದೆಲ್ಲ ಅದರಲ್ಲಿ ಬರಹದಲ್ಲಿರಬೇಕು. ಯಾವ ಹೊತ್ತಿನಲ್ಲಾದರೂ ಕಾರಣ ಹೇಳದೆ ಹೊರಬರುವ ಹಕ್ಕು ನಿಮ್ಮದು, ಹಾಗೆ ಹೊರಬಂದರೂ ನಿಮ್ಮ ಎಂದಿನ ಚಿಕಿತ್ಸೆಗೆ ಧಕ್ಕೆಯಾಗಬಾರದು.

ಸೇರಿದ ಮೇಲೆ ಒಂದು ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಈ ಬಗೆಯ ಔಷಧಗಳು ಜ್ವರ ಮತ್ತು ಸಿಆರ್‌ಪಿಯನ್ನು ಅಡಗಿಸುವುದರಿಂದ ಗಂಭೀರ ಸೋಂಕು ಸಹ ಸಣ್ಣ ಅಸ್ವಸ್ಥತೆಯಂತೆ ಕಾಣಬಹುದು. ಎರಡು ದಿನ ಮೈ ಸರಿಯಿಲ್ಲವೆನಿಸಿದರೆ, ಕೆಮ್ಮು, ಮೂತ್ರದಲ್ಲಿ ಉರಿ ಅಥವಾ ಚರ್ಮದ ಮೇಲೆ ಹರಡುವ ಕೆಂಪು ಕಂಡರೆ, ಜ್ವರ ಬರಲೆಂದು ಕಾಯದೆ ಪ್ರಯೋಗದ ವೈದ್ಯರಿಗೆ ಕರೆ ಮಾಡಿ. ಬೇರೆ ಯಾವ ವೈದ್ಯರ ಬಳಿ ಹೋದರೂ ನೀವು ಪ್ರಯೋಗದಲ್ಲಿರುವುದನ್ನು ತಿಳಿಸುವ ಚೀಟಿ ನಿಮ್ಮ ಜೇಬಿನಲ್ಲಿರಲಿ.